ಹೊಸ ಬಣ್ಣದ ಬೋಟು ಕಣ್ಣು ಕುಕ್ಕುತ್ತಿದ್ದರೆ: ಹೊಳಪು ಇಳಿಸುವ ಮುನ್ನ ನೋಡಬೇಕಾದದ್ದು

ಬೋಟಿಗೆ ಬಣ್ಣ ಹೊಡೆಯುವವರ ಬಳಿ ವರ್ಷವಿಡೀ ಬರುವ ದೂರು ಒಂದೇ, ಹೊಳಪು ಸಾಲದು ಎಂದು. ಆಗಸ್ಟ್ ಮೊದಲ ವಾರದಲ್ಲಿ ಮಾತ್ರ ದೂರು ತಿರುಗಿ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ (ಬೋಟು ನಿಲ್ಲುವ ಕಟ್ಟೆಗಳಲ್ಲಿ) ಮಳೆ ಬಿಟ್ಟ ಗಳಿಗೆ ನೋಡಿಕೊಂಡು ಬೋಟುಗಳಿಗೆ ಬಣ್ಣ ಬಳಿಯುತ್ತಾರೆ. ಪೂಜೆ ಮುಗಿಸಿ ಕಡಲಿಗೆ ಇಳಿದು ಒಂದು ಸುತ್ತು ಬರುವಷ್ಟರಲ್ಲಿ ಬೋಟು ನಡೆಸುವ ತಾಂಡೇಲರ ಫೋನು: "ಮಾರಾಯರೇ, ನೀವು ಬಣ್ಣ ಹೊಡೆದದ್ದೋ, ಕನ್ನಡಿ ಕೂರಿಸಿದ್ದೋ? ದಡಕ್ಕೆ ಬರುವಾಗ ಎದುರಿಗೆ ಏನೂ ಕಾಣುವುದಿಲ್ಲ."

ಮುಂದಿನ ಡೆಕ್ಕಿಗೂ ಕೇಬಿನ್ನಿಗೂ ಬಿಳಿ ಎನಾಮಲ್ ಪಳಪಳ ಹೊಳೆಯಬೇಕು ಎಂದು ಜುಲೈಯಲ್ಲಿ ಹಟ ಹಿಡಿದವರೂ ಅವರೇ. ಇರಲಿ. ಅವರ ಬೋಟಿಗೆ ನಾನು ಮಾಡಿದ್ದನ್ನೂ ಬೇಕೆಂದೇ ಮಾಡದೆ ಬಿಟ್ಟದ್ದನ್ನೂ ಬರೆಯುತ್ತಿದ್ದೇನೆ. ಹೊಳಪು ಇಳಿಸುವುದು ಅರ್ಧ ದಿನದ ಕೆಲಸ. ಅದನ್ನು ಎಲ್ಲಿ ಇಳಿಸಬೇಕು ಎಂದು ಪತ್ತೆ ಮಾಡದೆ ಉಜ್ಜುಕಾಗದ ಹಿಡಿದು ಉಜ್ಜಲು ಕುಳಿತವರು ಇಡೀ ಬೋಟನ್ನು ಮಂಕು ಮಾಡಿ, ಕೊನೆಗೂ ಕಣ್ಣು ಕಿರಿದು ಮಾಡಿಕೊಂಡೇ ಚುಕ್ಕಾಣಿ ಹಿಡಿದದ್ದನ್ನು ಕಂಡಿದ್ದೇನೆ.

ಮೊದಲ ಪ್ರಶ್ನೆ: ಎಷ್ಟು ಗಂಟೆಗೆ ಕುಕ್ಕುತ್ತದೆ?

ನಮ್ಮ ಕರಾವಳಿಯ ಬೋಟು ಮೀನು ಹಿಡಿದು ಬೆಳಗ್ಗೆ ವಾಪಸ್ ಬರುವಾಗ ಅದರ ಮುಖ ಪೂರ್ವಕ್ಕೆ. ಘಟ್ಟದ ಮೇಲಿಂದ ಏಳುವ ಸೂರ್ಯ ನೇರ ಎದುರಿಗೆ. ಬೆಳಕು ಡೆಕ್ಕಿಗೆ ಬಡಿದು ಯಾವ ಕೋನದಲ್ಲಿ ಬಂತೋ ಅದೇ ಕೋನದಲ್ಲಿ ಮೇಲೇಳುತ್ತದೆ. ಹಾಗಾಗಿ ಯಾವ ಹೊತ್ತಿಗೆ ಯಾವ ಜಾಗ ತಪ್ಪಿತಸ್ಥ ಎಂದು ಲೆಕ್ಕ ಹಾಕಿಯೇ ಹೇಳಬಹುದು.

ತಾಂಡೇಲರ ಕಣ್ಣು ಮುಂದಿನ ಡೆಕ್ಕಿಗಿಂತ 2 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅವರಿಂದ 4 ಮೀಟರ್ ಮುಂದಿರುವ ಜಾಗ ಅವರ ಕಣ್ಣಿಗೆ ಬೆಳಕು ಎರಚಬೇಕಾದರೆ ಸೂರ್ಯ ಸುಮಾರು 27 ಡಿಗ್ರಿ ಮೇಲೆ ಬಂದಿರಬೇಕು. 2 ಮೀಟರ್ ಮುಂದಿನ ಜಾಗಕ್ಕಾದರೆ 45 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಗಂಟೆಗೆ ಹೆಚ್ಚುಕಡಿಮೆ 14-15 ಡಿಗ್ರಿ ಏರುತ್ತಾನೆ. ಅಂದರೆ ಡೆಕ್ಕಿನ ಹೊಳಪು ಕಣ್ಣಿಗೆ ರಾಚುವುದು ಸರಿಸುಮಾರು ಎಂಟು ಗಂಟೆಯಿಂದ ಒಂಬತ್ತೂವರೆಯೊಳಗೆ. ಏಳು ಗಂಟೆಗೆ ಕಣ್ಣು ಕುಕ್ಕುತ್ತದೆ ಎನ್ನುವವರಿಗೆ ನನ್ನ ಬಳಿ ಮದ್ದಿಲ್ಲ. ಆ ಹೊತ್ತಿನಲ್ಲಿ ಹೊಳೆಯುವುದು ಸೂರ್ಯ ಮತ್ತು ಕಡಲು, ಬಣ್ಣವಲ್ಲ. ಅವರಿಗೆ ಬೇಕಾದದ್ದು ಗಾಜಿನ ಮೇಲೊಂದು ಬಿಸಿಲುಪಟ್ಟಿ ಅಥವಾ ಟೋಪಿ.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಕೇಬಿನ್ನಿನ ಮುಂಗೋಡೆ ಎಷ್ಟು ಹೊಳೆದರೂ ಒಳಗೆ ನಿಂತವರ ಕಣ್ಣಿಗೆ ಆ ಬೆಳಕು ಬರುವ ದಾರಿಯೇ ಇಲ್ಲ. ದಕ್ಕೆಯಲ್ಲಿ ನಿಂತು ನೋಡುವವರಿಗೆ ಅದು ಹೊಳೆಯುತ್ತದೆ, ಆದ್ದರಿಂದ ಮೊದಲು ಅದನ್ನೇ ಉಜ್ಜುತ್ತಾರೆ.

ಲೆಕ್ಕ ಬೇಡ ಎನ್ನುವವರಿಗೆ ಗೋಣಿಚೀಲ ಇದೆ. ಎರಡು ಚೀಲ ನೆನೆಸಿ ಹಿಂಡಿ, ಎಂಟೂವರೆಯ ಹೊತ್ತಿಗೆ ಬೋಟಿನ ಕೆಲಸಗಾರ ಕಲಾಸಿಯೊಬ್ಬರ ಕೈಗೆ ಕೊಡಿ. ಚುಕ್ಕಾಣಿ ಹಿಡಿದವರು ಹೇಳಿದ ಕಡೆ ಅವರು ಹಾಸುತ್ತಾ ಹೋಗಲಿ. ಕುಕ್ಕು ನಿಂತ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ. ನಮ್ಮ ಬೋಟಿನಲ್ಲಿ ಗೆರೆಯೊಳಗೆ ಬಂದದ್ದು ಮುಂದಿನ ಡೆಕ್ಕಿನ ಮಧ್ಯಭಾಗ ಮತ್ತು ಅಲ್ಲಿದ್ದ ಪೆಟ್ಟಿಗೆಯ ಮುಚ್ಚಳ, ಅಷ್ಟೇ. ಇಡೀ ಬೋಟನ್ನು ಮಂಕು ಮಾಡಿಕೊಡಿ ಎಂದು ಬಂದವರಿಗೆ ಒಂದು ಮಂಚದಗಲದ ಕೆಲಸ ಸಾಕಾಯಿತು.

ಎರಡನೆಯ ಪ್ರಶ್ನೆ: ಹೊಳಪೋ, ಬಿಳುಪೋ?

ಇವೆರಡನ್ನೂ ಒಂದೇ ಎಂದುಕೊಂಡು ಹಣ ಕಳೆದುಕೊಳ್ಳುವವರು ಬಹಳ. ಮಿರುಗುವುದು ಬಣ್ಣದ ಮೇಲ್ಮೈಯ ಗುಣ. ಬೆಳ್ಳಗೆ ಬೆಳಗುವುದು ಒಳಗಿರುವ ಬಿಳಿ ಪುಡಿಯ ಗುಣ. ಮೇಲ್ಮೈಯನ್ನು ಎಷ್ಟು ಉಜ್ಜಿದರೂ ಬಿಳಿ ಪುಡಿ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಎಲ್ಲ ದಿಕ್ಕಿಗೂ ಎರಚುತ್ತಲೇ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಕಣ್ಣು ಬಿಡಲಾಗುವುದಿಲ್ಲ ಎನ್ನುವವರ ತೊಂದರೆ ಇದು. ಅವರು ಹೊಳಪು ಇಳಿಸಬೇಕಾಗಿಲ್ಲ, ಡೆಕ್ಕಿಗೆ ಬೂದು ಅಥವಾ ಹಸಿರು ಹೊಡೆಯಬೇಕು.

ಎರಡನ್ನೂ ಬೇರ್ಪಡಿಸಲು ಸುಲಭದ ಉಪಾಯ ಪೋಲರೈಸ್ಡ್ ತಂಪು ಕನ್ನಡಕ. ಮಲಗಿದ ಮೇಲ್ಮೈಯಿಂದ ಕನ್ನಡಿಯಂತೆ ಹಾರಿಬರುವ ಬೆಳಕನ್ನು ಅದು ತಡೆಯುತ್ತದೆ, ಎಲ್ಲೆಡೆ ಚದುರಿದ ಬೆಳಕನ್ನು ತಡೆಯುವುದಿಲ್ಲ. ಬಣ್ಣದ ಪದರದ ಮಟ್ಟಿಗೆ ಈ ತಡೆ ಅತ್ಯಂತ ಜೋರಾಗಿರುವುದು ಸೂರ್ಯ ಸುಮಾರು 34 ಡಿಗ್ರಿ ಎತ್ತರದಲ್ಲಿರುವಾಗ. ಅದು ಸರಿಯಾಗಿ ನಮ್ಮ ಎಂಟೂವರೆಯ ಹೊತ್ತು. ಕನ್ನಡಕ ಹಾಕಿದ ಕೂಡಲೇ ಡೆಕ್ಕು ತಣ್ಣಗಾದರೆ ತಪ್ಪು ಹೊಳಪಿನದು. ಕನ್ನಡಕದಿಂದ ನೋಟ ಕಪ್ಪಾದರೂ ಡೆಕ್ಕು ಬೆಳ್ಳಗೇ ಉಳಿದರೆ ತಪ್ಪು ಬಿಳಿಯದು. ಪೇಟೆಯಲ್ಲಿ ಸಿಗುವ ಎಲ್ಲ ತಂಪು ಕನ್ನಡಕವೂ ಈ ಜಾತಿಯದಲ್ಲ, ಕೇಳಿ ತೆಗೆದುಕೊಳ್ಳಿ. ಅದನ್ನು ಹಾಕಿಕೊಂಡು ಜಿಪಿಎಸ್ ಪರದೆ ನೋಡಿದರೆ ಕೆಲವು ಪರದೆಗಳು ಕಪ್ಪಾಗಿ ಕಾಣುತ್ತವೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ, ತಲೆ ಸ್ವಲ್ಪ ವಾಲಿಸಿ.

ರಾತ್ರಿ ಕಾಣುವುದಿಲ್ಲ ಎಂಬ ದೂರು ಬೇರೆಯೇ. ಹೊರಗಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಬಿನ್ನಿನೊಳಗೆ, ಮುಂದಿನ ಗಾಜಿನ ಕೆಳಗಿರುವ ಹಲಗೆಗೆ ಬಿಳಿ ಎನಾಮಲ್ ಹೊಡೆದಿರುತ್ತಾರೆ. ಮೀನು ಪತ್ತೆಯ ಯಂತ್ರದ್ದೋ ಜಿಪಿಎಸ್‌ನದೋ ಬೆಳಕು ಆ ಹಲಗೆಯ ಮೇಲೆ ಬಿದ್ದು, ಗಾಜಿನಲ್ಲಿ ಪ್ರತಿಬಿಂಬವಾಗಿ ಹೊರಗಿನ ಕತ್ತಲನ್ನು ಮುಚ್ಚಿಬಿಡುತ್ತದೆ. ಅಲ್ಲಿ ಉಜ್ಜುವುದು ವ್ಯರ್ಥ. ಆ ಹಲಗೆಗೆ ಕಪ್ಪು ಅಥವಾ ಕಡುಬೂದು ಮ್ಯಾಟ್ (ಹೊಳಪಿಲ್ಲದ) ಬಣ್ಣ ಎರಡು ಕೈ ಹೊಡೆಯಿರಿ, ಮುಗಿಯಿತು.

ಎಷ್ಟು ಹೊಳಪಿದೆ ಎಂದು ಅಳೆಯುವುದು

ಕಾರ್ಖಾನೆಗಳಲ್ಲಿ ಹೊಳಪನ್ನು ಅಳೆಯುವ ಯಂತ್ರವಿದೆ. ನಯವಾದ ಕಪ್ಪು ಗಾಜಿಗೆ 100 ಎಂದಿಟ್ಟುಕೊಂಡು, 60 ಡಿಗ್ರಿ ಕೋನದಲ್ಲಿ (ಇಲ್ಲಿ ಕೋನ ಎಣಿಸುವುದು ಮೈಗೆ ನೆಟ್ಟಗೆ ನಿಂತ ಗೆರೆಯಿಂದ) ಬೆಳಕು ಬಿಟ್ಟು, ಬಣ್ಣ ಎಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ ಎಂದು ಅದು ಎಣಿಸುತ್ತದೆ. 10ಕ್ಕಿಂತ ಕಡಿಮೆ ಬಂದ ಮಂಕು ಬಣ್ಣವನ್ನು ಇನ್ನೂ ಓರೆಯಾಗಿ, 85 ಡಿಗ್ರಿಯಲ್ಲಿ ಅಳೆಯುತ್ತಾರೆ. ನಮ್ಮ ಬಳಿ ಆ ಯಂತ್ರವಿಲ್ಲ, ಹಳೆಯ ದಿನಪತ್ರಿಕೆ ಇದೆ. ಪತ್ರಿಕೆಯನ್ನು ಬಣ್ಣದ ಮೈಗೆ ಲಂಬವಾಗಿ ನಿಲ್ಲಿಸಿ ಪ್ರತಿಬಿಂಬ ನೋಡಿ. ತಲೆಬರಹ ತಲೆಕೆಳಗಾಗಿಯಾದರೂ ಓದಲು ಬಂದರೆ ಪೂರ್ಣ ಹೊಳಪು. ಅಕ್ಷರ ಕಲಸಿಹೋಗಿ ಪತ್ರಿಕೆಯ ನೆರಳು ಮಾತ್ರ ಕಂಡರೆ ಅರೆ ಹೊಳಪು, ಅಂಗಡಿಯವರು ಸ್ಯಾಟಿನ್ ಎನ್ನುವುದು. ಏನೂ ಕಾಣದಿದ್ದರೆ ಮ್ಯಾಟ್.

ಡೆಕ್ಕಿಗೆ ನಾವು ಗುರಿಯಿಡಬೇಕಾದದ್ದು ನಡುವಿನದಕ್ಕೆ. ಪೂರ್ಣ ಮ್ಯಾಟ್ ಮಾಡಿದರೆ ಮೀನಿನ ರಕ್ತ, ಡೀಸೆಲ್, ತುಕ್ಕಿನ ನೀರು ಎಲ್ಲವನ್ನೂ ಅದು ಹೀರಿ ಹಿಡಿದುಕೊಳ್ಳುತ್ತದೆ. ತೊಳೆದಷ್ಟೂ ಕೊಳಕಾಗಿ ಕಾಣುತ್ತದೆ. ಇನ್ನೊಂದು ಮಾತು: ಬಣ್ಣದ ಮೈಯನ್ನು ನೇರ ನೋಡಿದರೆ ಅದು ಕನ್ನಡಿಯಂತೆ ಹಿಂದಿರುಗಿಸುವುದು ಬೆಳಕಿನ ಶೇಕಡಾ 4ರಷ್ಟು. ತೀರಾ ಓರೆಯಾಗಿ, 80 ಡಿಗ್ರಿಯಲ್ಲಿ ಬಿದ್ದರೆ ಶೇಕಡಾ 39ರ ಹತ್ತಿರ. ಆದ್ದರಿಂದ ಎಷ್ಟೇ ಮಂಕು ಮಾಡಿದರೂ ಸೂರ್ಯ ತೀರಾ ಕೆಳಗಿರುವಾಗ ಒಂದಿಷ್ಟು ಮಿರುಗು ಉಳಿದೇ ಉಳಿಯುತ್ತದೆ. ಅದನ್ನೂ ತೆಗೆಯುತ್ತೇನೆಂದು ಮತ್ತೆ ಮತ್ತೆ ಉಜ್ಜಿದರೆ ಅಡಿಯ ತಳಬಣ್ಣ, ಅಂದರೆ ಪ್ರೈಮರ್, ಹೊರಗೆ ಬರುತ್ತದೆ.

ಬಣ್ಣ ಒಣಗಿದೆಯೋ, ಒಣಗಿದಂತೆ ಕಾಣುತ್ತಿದೆಯೋ?

ಸಾಧಾರಣ ಎನಾಮಲ್ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವ ಬಣ್ಣ. ಗಾಳಿ ಮೊದಲು ಮುಟ್ಟುವುದು ಮೇಲ್ಮೈಯನ್ನು, ಆದ್ದರಿಂದ ಕೆನೆ ಕಟ್ಟಿದ ಹಾಲಿನಂತೆ ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ಒಂದೇ ಕೈಯಲ್ಲಿ ಕೆಲಸ ಮುಗಿಸಬೇಕೆಂದು ದಪ್ಪ ಬಳಿದಿದ್ದರಂತೂ ವಾರಗಟ್ಟಲೆ ಹಾಗೆಯೇ ಇರುತ್ತದೆ. ಹೊಸ ಎನಾಮಲ್ಲಿನ ಮೊದಲ ದಿನಗಳ ಮಿರುಗು ಬಿಸಿಲು, ಉಪ್ಪು ತಾಗುತ್ತಾ ತಾನಾಗಿ ಸ್ವಲ್ಪ ಇಳಿಯುತ್ತದೆ ಕೂಡ. ಹದಿನೈದು ದಿನ ಗೋಣಿ ಹಾಸಿಕೊಂಡು ಸುಧಾರಿಸಲು ಸಾಧ್ಯವಿದ್ದರೆ ಸುಧಾರಿಸಿ ಎಂದೇ ನಾನು ಮೊದಲು ಹೇಳುವುದು.

ಪರೀಕ್ಷೆ ಹೀಗೆ. ಯಾರೂ ನೋಡದ ಮೂಲೆಯಲ್ಲಿ ಹೆಬ್ಬೆರಳನ್ನು ಬಲವಾಗಿ ಒತ್ತಿ, ಒತ್ತಿಕೊಂಡೇ ತಿರುಚಿ. ಗುರುತು ಬಿದ್ದರೆ, ಚರ್ಮ ಸುಕ್ಕಾದಂತೆ ಕಂಡರೆ, ಕಾಗದ ಮುಟ್ಟಬೇಡಿ. ಮುಟ್ಟಿದರೆ ಏನಾಗುತ್ತದೆ ಎಂದು ನೋಡುವ ಆಸೆಯಿದ್ದರೆ ಅಂಗೈಯಗಲ ಉಜ್ಜಿ ನೋಡಿ. ಬಣ್ಣ ಪುಡಿಯಾಗುವುದಿಲ್ಲ, ಚಪಾತಿ ಹಿಟ್ಟಿನಂತೆ ಉಂಡೆಗಟ್ಟಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಆ ಉಂಡೆಗಳೇ ಡೆಕ್ಕನ್ನು ಗೀರುತ್ತವೆ.

ಯಾವ ಜಾತಿಯ ಬಣ್ಣ ಎಂದೇ ಗೊತ್ತಿಲ್ಲದ ಬೋಟುಗಳೂ ಬರುತ್ತವೆ. ಡಬ್ಬಿ ಗುಜರಿಗೆ ಹೋಗಿರುತ್ತದೆ, ಹೊಡೆದವರು ಊರಿಗೆ ಹೋಗಿರುತ್ತಾರೆ. ಬಟ್ಟೆಗೆ ಎನ್‌ಸಿ ಥಿನ್ನರ್ (ಲ್ಯಾಕರ್ ಬಣ್ಣ ತೆಳು ಮಾಡುವ ದ್ರಾವಕ) ಹಾಕಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎನಾಮಲ್ ಮೆತ್ತಗಾಗಿ ಸುಕ್ಕಾಗುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಡಬ್ಬಿಯ ಪಾಲಿಯುರೆಥೇನ್ ಜಪ್ಪಯ್ಯ ಎನ್ನುವುದಿಲ್ಲ. ಪಾಲಿಯುರೆಥೇನ್ ಎಂದು ಖಚಿತವಾಗಿದ್ದೂ ಮೆತ್ತಗಾದರೆ ಗಟ್ಟಿಕಾರಕದ ಅಳತೆ ತಪ್ಪಿದೆ. ಅದನ್ನು ಮಂಕು ಮಾಡುವ ಮಾತೇ ಇಲ್ಲ, ಕೆರೆದು ತೆಗೆಯಬೇಕು.

ಮಳೆಗಾಲದಲ್ಲಿ ಉಜ್ಜುವ ಮುನ್ನ ನಾನು ಎನಾಮಲ್ಲಿಗೆ ಕನಿಷ್ಠ ಎರಡು ವಾರ, ಪಾಲಿಯುರೆಥೇನ್‌ಗೆ ಒಂದು ವಾರ ಬಿಡುತ್ತೇನೆ. ಬೋಟು ಕಡಲಿಗೆ ಹೋಗಿಬರುತ್ತಿರಲಿ, ಅಡ್ಡಿಯಿಲ್ಲ.

ಹೊಳಪು ಒಂದೊಂದು ಕಡೆ ಒಂದೊಂದು ಥರ ಇದ್ದರೆ

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ "ಹೊಳಪು ಜಾಸ್ತಿಯಾಯಿತು" ಎಂದು ಬರುವ ದೂರುಗಳಲ್ಲಿ ಒಳ್ಳೆಯ ಪಾಲು ನಿಜಕ್ಕೂ ಹೊಳಪು ಸಮವಾಗಿಲ್ಲ ಎಂಬ ದೂರು. ಅಲ್ಲಲ್ಲಿ ಮಂಕಾಗಿರುವುದರಿಂದ ಉಳಿದ ಕಡೆ ಅತಿಯಾಗಿ ಕಾಣುತ್ತದೆ.

ಮಂಕಾದ ಜಾಗಗಳು ದುಂಡಗೆ, ತೇಪೆಗಳಂತೆ ಇದ್ದರೆ ಒಳಗೆ ಪುಟ್ಟಿ ಇದೆ. ಪುಟ್ಟಿಯ ಮೇಲೆ ಪ್ರೈಮರ್ ಹಚ್ಚದೆ ನೇರ ಬಣ್ಣ ಹೊಡೆದಿದ್ದಾರೆ, ಬಣ್ಣದ ಅಂಟನ್ನು ಪುಟ್ಟಿ ಕುಡಿದಿದೆ. ತೇಪೆಗಳಿಗೆ ಮಾತ್ರ ಪ್ರೈಮರ್ ಕೊಟ್ಟು ಮತ್ತೆ ಬಣ್ಣ ಕೊಡಿ. ಹೊಳೆಯುವ ಭಾಗವನ್ನು ಉಜ್ಜಿ ತೇಪೆಗೆ ಸಮ ಮಾಡಲು ಹೋದರೆ ಒಂದು ವರ್ಷದಲ್ಲಿ ತೇಪೆಯೇ ಎದ್ದು ಬರುತ್ತದೆ.

ಹೊಳೆಯುವ ಜಾಗ ಉದ್ದುದ್ದ ಪಟ್ಟೆಯಾಗಿದ್ದರೆ ಅದು ಬ್ರಷ್ಷಿನ ತಪ್ಪು. ಅರೆ ಒಣಗಿದ ಅಂಚಿನ ಮೇಲೆ ಮತ್ತೆ ಬಣ್ಣ ಏರಿ ಅಲ್ಲಿ ಪದರ ದಪ್ಪವಾಗಿದೆ. ಸ್ಯಾಟಿನ್ ಬಣ್ಣದಲ್ಲಿ ದಪ್ಪ ಪದರ ಹೆಚ್ಚು ಹೊಳೆಯುತ್ತದೆ. ಒಂದು ಜೋಡಣೆಯಿಂದ ಇನ್ನೊಂದು ಜೋಡಣೆಯವರೆಗೆ ಕೈ ಎತ್ತದೆ, ಒಂದೇ ದಿಕ್ಕಿಗೆ ಮುಗಿಸುವುದು ಇದಕ್ಕೆ ಪರಿಹಾರ.

ಒಂದೇ ಡಬ್ಬಿಯಿಂದ ಬೆಳಗ್ಗೆ ಹೊಡೆದದ್ದು ಹೊಳೆದು, ಸಂಜೆ ಹೊಡೆದದ್ದು ಮಂಕಾಗಿದ್ದರೆ ಎರಡು ಸಂಶಯ. ಸ್ಯಾಟಿನ್, ಮ್ಯಾಟ್ ಬಣ್ಣಗಳಲ್ಲಿ ಹೊಳಪು ಕೊಲ್ಲುವುದು ಸಾಮಾನ್ಯವಾಗಿ ಸಿಲಿಕಾದ ನುಣ್ಣನೆಯ ಪುಡಿ. ಬಣ್ಣ ಒಣಗಿ ಕುಗ್ಗುವಾಗ ಆ ಪುಡಿ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡುತ್ತದೆ. ಪುಡಿ ಡಬ್ಬಿಯ ತಳಕ್ಕೆ ಇಳಿಯುತ್ತದೆ. ಕಡ್ಡಿಯಲ್ಲಿ ನಾಲ್ಕು ಸುತ್ತು ತಿರುವಿ ಶುರು ಮಾಡಿದರೆ ಮೇಲಿನ ಅರ್ಧ ಡಬ್ಬಿ ಹೊಳೆಯುವ ಬಣ್ಣ, ಕೆಳಗಿನ ಅರ್ಧ ಗಂಧ ತೇಯ್ದಂತೆ. ಚಪ್ಪಟೆ ಪಟ್ಟಿಯಿಂದ ತಳ ಕೆರೆದು ತಿರುವಬೇಕು, ನಡುನಡುವೆಯೂ ತಿರುವಬೇಕು.

ಎರಡನೆಯ ಸಂಶಯ ಇಬ್ಬನಿ. ಬಣ್ಣ ಹೊಡೆಯುವ ಮೈ, ಗಾಳಿಯ ತೇವ ನೀರಾಗಿ ಕೂರುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿಯಾಗಿರಬೇಕು ಎಂಬುದು ಬಣ್ಣದವರ ಹಳೆಯ ನಿಯಮ. ಜುಲೈಯಲ್ಲಿ 27 ಡಿಗ್ರಿ, ಶೇಕಡಾ 90 ತೇವಾಂಶ ಇದ್ದರೆ ನೀರು ಕೂರುವುದು 25 ಡಿಗ್ರಿ ಚಿಲ್ಲರೆಗೆ. ಅಂತರ ಎರಡೂ ಇಲ್ಲ. ಮೋಡ ಸರಿದು 30 ಡಿಗ್ರಿ, ಶೇಕಡಾ 75 ಆದರೆ ಅಂತರ 5ರ ಹತ್ತಿರ. ಅಂದರೆ ನಮಗೆ ಸಿಗುವುದು ದಿನದ ನಡುವಿನ ಕೆಲವು ಗಂಟೆ. ನಾಲ್ಕು ಗಂಟೆಯ ಮೇಲೆ ಹೊಡೆದ ಬಣ್ಣದ ಮೇಲೆ ರಾತ್ರಿ ಇಬ್ಬನಿ ಕೂತು ಹೊಳಪನ್ನು ಕಸಿಯುತ್ತದೆ. ಹೇಗೂ ಹೊಳಪು ಬೇಡವಲ್ಲ, ಇಬ್ಬನಿಯೇ ಪುಕ್ಕಟೆ ಕೆಲಸ ಮಾಡಲಿ ಎಂದು ಒಬ್ಬರು ನನಗೆ ಸಲಹೆ ಕೊಟ್ಟಿದ್ದರು. ಇಬ್ಬನಿ ಮಂಕು ಮಾಡುವುದು ಪದರವನ್ನು ಕೆಡಿಸಿ. ಅದು ಮುಂದಿನ ಮಳೆಗೆ ಸುಣ್ಣದಂತೆ ಕೈಗೆ ಹತ್ತುತ್ತದೆ. ಪಾಲಿಯುರೆಥೇನ್ ಆದರೆ ಅದರ ಗಟ್ಟಿಕಾರಕ ತೇವದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಮೈಯೆಲ್ಲ ಸೂಜಿಮೊನೆಯ ಗುಳ್ಳೆ.

ಹಲಗೆಯ ಸಂದು, ಉಬ್ಬುತಗ್ಗು ಎಲ್ಲ ಎದ್ದು ಕಾಣುತ್ತದೆ ಎಂಬುದೂ ಹೊಳಪಿನ ಲೆಕ್ಕಕ್ಕೆ ಬೀಳುವ ದೂರು. ಹೊಳಪು ಉಬ್ಬುತಗ್ಗನ್ನು ಹುಟ್ಟಿಸುವುದಿಲ್ಲ, ಬಯಲು ಮಾಡುತ್ತದೆ ಅಷ್ಟೇ. ಮರದ ಬೋಟಿಗೆ ವಯಸ್ಸಾಗಿದ್ದರೆ ಅರೆ ಹೊಳಪಿನ ಬಣ್ಣ ಹೊಡೆದು ಸುಮ್ಮನಿರುವುದು ಜಾಣತನ.

ಉಜ್ಜಿ ಇಳಿಸುವ ವಿಧಾನ

ಗೆರೆ ಎಳೆದ ಜಾಗ ಚಿಕ್ಕದು, ಬಣ್ಣ ಗಟ್ಟಿಯಾಗಿದೆ ಎಂದಾದರೆ ಉಜ್ಜುವುದೇ ಸರಿ. ಒಂದು ಕೈ ಎನಾಮಲ್ ಒಣಗಿದ ಮೇಲೆ ಉಳಿಯುವ ದಪ್ಪ 30 ಮೈಕ್ರಾನ್ ಆಸುಪಾಸು, ತಲೆಗೂದಲಿನ ಅರ್ಧ ದಪ್ಪ. ಎಷ್ಟು ಉಜ್ಜಬಹುದು ಎಂದು ಇದರಿಂದಲೇ ತಿಳಿದುಕೊಳ್ಳಿ.

ಮೊದಲು ಸಿಹಿನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಉಪ್ಪಿನ ಹರಳು, ಮೀನಿನ ಹುರುಪೆ ಕಾಗದದ ಕೆಳಗೆ ಸಿಕ್ಕರೆ ಉದ್ದ ಗೀರು ಬೀಳುತ್ತದೆ. ಅಂಚುಗಳಿಗೆ, ಬೋಲ್ಟಿನ ತಲೆಗಳಿಗೆ ಕಾಗದದ ಟೇಪು ಅಂಟಿಸಿ, ಅಲ್ಲಿ ಬಣ್ಣ ಯಾವಾಗಲೂ ತೆಳು. 800 ನಂಬರಿನ ವಾಟರ್ ಪೇಪರನ್ನು (ಒದ್ದೆ ಮಾಡಿ ಬಳಸುವ ಉಜ್ಜುಕಾಗದ, ನಂಬರು ಏರಿದಷ್ಟೂ ನುಣುಪು) ಹತ್ತು ನಿಮಿಷ ನೀರಲ್ಲಿ ನೆನೆಸಿ, ರಬ್ಬರ್ ಬಿಲ್ಲೆಗೆ ಸುತ್ತಿ, ಬೋಟಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಹಾಲಿನಂಥ ನೀರು ಬರುತ್ತದೆ. ಏಳೆಂಟು ಎಳೆತಕ್ಕೆ ಒಮ್ಮೆ ಒರೆಸಿ, ಒಣಗಿಸಿ, ಪತ್ರಿಕೆ ನಿಲ್ಲಿಸಿ ನೋಡಿ. ಒದ್ದೆ ಇರುವಾಗ ಎಲ್ಲವೂ ಹೊಳೆಯುತ್ತದೆ. ಒಣಗಿಸದೆ ನೋಡಿ ಇನ್ನೂ ಸಾಲದು ಎಂದು ಉಜ್ಜುವುದೇ ಪದರ ಹರಿಯಲು ಮುಖ್ಯ ಕಾರಣ. 800 ಸಾಲದೆ ಹೋದರೆ 600ಕ್ಕೆ ಇಳಿಯಿರಿ. 400ರ ಗೀರು ಬಿಸಿಲಿನಲ್ಲಿ ಕಣ್ಣಿಗೆ ಕಾಣುತ್ತದೆ. 1500, 2000 ತಂದರೆ ನೀವು ಹೊಳಪು ಇಳಿಸುತ್ತಿಲ್ಲ, ಪಾಲಿಶ್ ಮಾಡಲು ತಯಾರಿ ನಡೆಸುತ್ತಿದ್ದೀರಿ. ಸುತ್ತಿಸುತ್ತಿ ಉಜ್ಜಿದರೆ ಸುರುಳಿಗಳು ಬಿಸಿಲಿಗೆ ಜೇಡರ ಬಲೆಯಂತೆ ತೋರುತ್ತವೆ.

ಬಾಗು, ಮೂಲೆ ಇರುವಲ್ಲಿ ಕಾಗದಕ್ಕಿಂತ ಬೂದುಬಣ್ಣದ ನೈಲಾನ್ ಉಜ್ಜುಪಟ್ಟಿ ಒಳ್ಳೆಯದು. ಅಡುಗೆಮನೆಯ ಹಸಿರು ಪಟ್ಟಿ ಬೇಡ. ಅದು ಪಾತ್ರೆಯ ತಳ ತಿಕ್ಕಲು ಮಾಡಿದ್ದು, ಬಣ್ಣವನ್ನು ಒರಟಾಗಿ ಗೀರುತ್ತದೆ.

ಉಕ್ಕಿನ ನಾರು ಅಂತೂ ಬೋಟಿನ ಹತ್ತಿರಕ್ಕೂ ಬರಬಾರದು. ನಾನೇ ಅನುಭವಿಸಿದ್ದು. ಕಸುಬಿಗೆ ಹೊಸಬನಾಗಿದ್ದಾಗ ಮನೆಯ ಬಾಗಿಲಿಗೆ ಮಾಡುವಂತೆ ಒಂದು ಕೇಬಿನ್ನಿನ ಮಾಡನ್ನು (ಚಾವಣಿಯನ್ನು) ನುಣ್ಣನೆಯ ಉಕ್ಕಿನ ನಾರಿನಲ್ಲಿ ಉಜ್ಜಿದೆ. ಸಂಜೆ ನೋಡಿದರೆ ರೇಷ್ಮೆ. ಮುರಿದು ಬಿದ್ದ ನಾರಿನ ಎಳೆಗಳು ಬಣ್ಣದ ಗೀರುಗಳಲ್ಲಿ ಕೂತಿದ್ದು ಕಣ್ಣಿಗೆ ಬೀಳಲಿಲ್ಲ. ರಾತ್ರಿ ಕಡಲ ಗಾಳಿ ಬೀಸಿತು. ಬೆಳಗ್ಗೆ ಬಿಳಿ ಮಾಡಿನ ತುಂಬ ಕಂದು ಚುಕ್ಕೆ, ಯಾರೋ ರಾಗಿ ಚೆಲ್ಲಿದಂತೆ. ಒರೆಸಿದರೆ ಪ್ರತಿ ಚುಕ್ಕೆಯೂ ಬಾಲ ಬೆಳೆಸಿತು. ಪೂರ್ತಿ ಮತ್ತೆ ಉಜ್ಜಿ, ಎರಡು ಕೈ ಬಣ್ಣ ನನ್ನ ಖರ್ಚಿನಲ್ಲೇ ಹೊಡೆದುಕೊಟ್ಟೆ.

ಕಡುನೀಲಿ, ಕಡುಹಸಿರು ಬಣ್ಣವನ್ನು ಉಜ್ಜಿದಾಗ ಅದು ಮಂಕಾಗುವ ಬದಲು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ಗೀರುಗಳು ಬೆಳಕನ್ನು ಚದುರಿಸುವುದರಿಂದ. 1000 ನಂಬರಿನಲ್ಲಿ ಇನ್ನೊಮ್ಮೆ ಎಳೆದರೆ ಕೆಲವೊಮ್ಮೆ ಸರಿಹೋಗುತ್ತದೆ. ಕಡುಬಣ್ಣಕ್ಕೆ ನಾನು ಉಜ್ಜುವ ವಿಧಾನವನ್ನೇ ಹೇಳುವುದಿಲ್ಲ, ಮೇಲೊಂದು ಕೈ ಸ್ಯಾಟಿನ್ ಹೊಡೆಯುವುದು ಲೇಸು.

ಮೇಲೊಂದು ಕೈ ಹೊಡೆದು ಇಳಿಸುವ ವಿಧಾನ

ಜಾಗ ದೊಡ್ಡದಿದ್ದರೂ ಇದೇ ದಾರಿ. 400ರಲ್ಲಿ ಹಿಡಿತಕ್ಕಷ್ಟು ಉಜ್ಜಿ, ಧೂಳು ಒರೆಸಿ, ಅದೇ ಜಾತಿಯ ಸ್ಯಾಟಿನ್ ಬಣ್ಣ ತೆಳುವಾಗಿ ಒಂದು ಕೈ. ಗಟ್ಟಿಯಾದ ಪಾಲಿಯುರೆಥೇನ್ ಮೇಲೆ ಎನಾಮಲ್ ಹೊಡೆದರೆ ನಡೆಯುತ್ತದೆ. ಹೊಸ ಎನಾಮಲ್ ಮೇಲೆ ಪಾಲಿಯುರೆಥೇನ್ ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ ಹಪ್ಪಳದಂತೆ ಸುಕ್ಕು ಮಾಡುತ್ತದೆ. ಪಾಲಿಯುರೆಥೇನನ್ನು ಸ್ಪ್ರೇ ಮಾಡುವಾಗ ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಎಂಬ ಧೈರ್ಯ ಬೇಡ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಸೇರಿ ಆಸ್ತಮಾ ತರಬಲ್ಲದು, ಬಟ್ಟೆ ಅದನ್ನು ತಡೆಯುವುದಿಲ್ಲ. ಉಸಿರಿಗೆ ತಕ್ಕ ರಕ್ಷಣೆಯ ವ್ಯವಸ್ಥೆ ಇಲ್ಲದವರು ಬ್ರಷ್ಷು, ರೋಲರ್ ಹಿಡಿಯಿರಿ.

ಸ್ಯಾಟಿನ್ ಸಿಗದಿದ್ದರೆ ಒಂದೇ ಕಂಪನಿಯ, ಒಂದೇ ಜಾತಿಯ ಹೊಳಪು ಮತ್ತು ಮ್ಯಾಟ್ ಬಣ್ಣಗಳನ್ನು ಬೆರೆಸಬಹುದು. ಅರ್ಧಕ್ಕರ್ಧ ಬೆರೆಸಿದರೆ ಅರ್ಧ ಹೊಳಪು ಬರುತ್ತದೆ ಎಂದು ಮಾತ್ರ ನಂಬಬೇಡಿ. ಸ್ವಲ್ಪ ಮ್ಯಾಟ್ ಸೇರಿದರೂ ಹೊಳಪು ಧಡಕ್ಕನೆ ಇಳಿಯುತ್ತದೆ. ಹಲಗೆಯ ತುಂಡಿಗೆ ಹೊಡೆದು, ಮರುದಿನ ಪೂರ್ತಿ ಒಣಗಿದ ಮೇಲೆ ನೋಡಿ ಅಳತೆ ನಿಶ್ಚಯಿಸಿ.

ಎನಾಮಲ್ಲಿಗೆ ಸೀಮೆಎಣ್ಣೆ ಬೆರೆಸಿದರೆ ಮಂಕಾಗುತ್ತದೆ, ಮುಖಕ್ಕೆ ಹಚ್ಚುವ ಪೌಡರ್ ಬೆರೆಸಿದರೆ ಮಂಕಾಗುತ್ತದೆ ಎಂಬ ಸಲಹೆಗಳು ದಕ್ಕೆಯಲ್ಲಿ ಧಾರಾಳ. ಮಂಕಾಗುವುದು ನಿಜ. ಸೀಮೆಎಣ್ಣೆಯ ಜಿಡ್ಡು ಬಣ್ಣದಲ್ಲೇ ಉಳಿದು ದಿನಗಟ್ಟಲೆ ಅಂಟುತ್ತದೆ. ಪೌಡರು ಕೈಯಲ್ಲಿ ತಿರುವಿದರೆ ಎಂದೂ ಸಮವಾಗಿ ಬೆರೆಯದೆ ಗಂಟು ಕಟ್ಟುತ್ತದೆ, ಗಂಟುಗಳು ನೀರು ಹೀರುತ್ತವೆ.

ಜಾರುತ್ತದೆ ಎಂಬುದು ಬೇರೆ ದೂರು

ಹೊಳಪು ಇಳಿಸಿದರೆ ಜಾರುವುದೂ ನಿಲ್ಲುತ್ತದೆ ಎಂದು ತಾಂಡೇಲರು ಎಣಿಸಿದ್ದರು. ಇಲ್ಲ. 800ರ ಗೀರಿಗೆ ಬೆಳಕು ಚದುರುತ್ತದೆ, ಮೀನಿನ ಲೋಳೆಯ ಮೇಲಿಟ್ಟ ಕಾಲು ನಿಲ್ಲುವುದಿಲ್ಲ. ನಡೆಯುವ ಜಾಗಕ್ಕೆ ಮರಳು ಬೇಕು. ದಪ್ಪಗೆ ಒಂದು ಕೈ ಬಣ್ಣ ಹೊಡೆದು, ಹಸಿಯಿರುವಾಗಲೇ ಜರಡಿ ಹಿಡಿದ ಒಣ ಮರಳನ್ನು ಉದುರಿಸಿ, ಒಣಗಿದ ಮೇಲೆ ಸಡಿಲವಾದದ್ದನ್ನು ಗುಡಿಸಿ, ಮೇಲೆ ಇನ್ನೊಂದು ಕೈ. ಪಕ್ಕದಲ್ಲೇ ಬಿದ್ದಿದೆಯೆಂದು ಕಡಲತೀರದ ಮರಳು ತರಬೇಡಿ. ಅದರ ಉಪ್ಪು ಬಣ್ಣದ ಕೆಳಗೆ ಕೂತು ನೀರೆಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಬೇರೆ ಮರಳನ್ನೂ ತೊಳೆದು ಒಣಗಿಸಿಯೇ ಬಳಸಿ. ಮರಳು ಹಾಕಿದ ಡೆಕ್ಕಿನ ಹೊಳಪು ತಾನೇ ಒಡೆದು ಹೋಗುವುದರಿಂದ, ಗೆರೆಯೊಳಗಿನ ಜಾಗವೂ ನಡೆಯುವ ಜಾಗವೂ ಒಂದೇ ಆಗಿದ್ದರೆ ಉಜ್ಜುವ ಕೆಲಸವೇ ಬೇಕಾಗುವುದಿಲ್ಲ.

ಮುಟ್ಟಬಾರದ ಜಾಗಗಳು

ಬೋಟಿನ ಹೊರಮೈಯ ಹೊಳಪು ಕಳೆಯಬೇಡಿ. ನಯವಾದ, ಅಂಟು ತುಂಬಿದ ಮೇಲ್ಮೈಯೇ ಉಪ್ಪುನೀರನ್ನೂ ಕೊಳೆಯನ್ನೂ ಹೊರಗಿಡುವುದು. ನೋಂದಣಿ ಸಂಖ್ಯೆ ಬರೆದಿರುವ ಪಟ್ಟಿ ಓದಲು ಬರುವಂತೆ ಇರಲಿ. ನೀರಿನ ಮಟ್ಟದ ಕೆಳಗೆ ಚಿಪ್ಪು ಅಂಟದಂತೆ ಹೊಡೆಯುವ ಚಿಪ್ಪುನಿರೋಧಕ ಬಣ್ಣ ಮೊದಲೇ ಮಂಕು, ಅದರಲ್ಲಿ ವಿಷವಿದೆ, ಒಣದಾಗಿ ಉಜ್ಜುವುದಂತೂ ಸಲ್ಲದು.

ಫೈಬರ್ ಬೋಟು ಹೊಸದಾಗಿದ್ದರೆ ಹೊಳೆಯುತ್ತಿರುವುದು ಬಣ್ಣವಲ್ಲ, ಜೆಲ್‌ಕೋಟ್, ಅಂದರೆ ಫೈಬರಿನ ಹೊರಮೈಯ ರಾಳದ ಪದರ. ಪಾಲಿಶ್ ಮಾಡಿ ಮೇಣ ಸವರಿದ ಅಚ್ಚಿನಿಂದ ಅದು ಹೊರಬಂದದ್ದು, ಮೇಣ ಇನ್ನೂ ಮೈಮೇಲಿರುತ್ತದೆ. ಥಿನ್ನರ್ ಬಟ್ಟೆಯಲ್ಲಿ ಮೇಣ ಒರೆಸಿ ತೆಗೆಯದೆ ಉಜ್ಜಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಮುಂದೆ ಎಂದಾದರೂ ಅದರ ಮೇಲೆ ಬಣ್ಣ ಹೊಡೆದಾಗ ಬಣ್ಣ ನಿಲ್ಲದೆ ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ.

ಹದಿನೈದು ದಿನದ ನಂತರ

ತಾಂಡೇಲರ ಡೆಕ್ಕು ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಕೇಬಿನ್ ಬಾಗಿಲಿನಿಂದ ಮುಂದಿನವರೆಗೆ ಒಂದು ಕಾಲುದಾರಿ ಮತ್ತೆ ಮಿರುಗತೊಡಗಿತು. ಹಗ್ಗ ಎಳೆದಾಡುವ ಜಾಗದಲ್ಲೂ ಅದೇ. ಇದು ಹೊಸ ದೋಷವಲ್ಲ. ಕಾಲು, ಹಗ್ಗ, ಗಟ್ಟಿ ಪೊರಕೆ ಉಜ್ಜಿ ಉಜ್ಜಿ ಗೀರಿನ ತುದಿಗಳನ್ನು ನಯ ಮಾಡುತ್ತವೆ. ಅದರ ಮೇಲೆ ಮೀನಿನೆಣ್ಣೆ ಕೂತರೆ ಇನ್ನಷ್ಟು ಹೊಳಪು. ಮೊದಲು ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿ ನೋಡಿ, ಎಷ್ಟೋ ಸಲ ಎಣ್ಣೆ ಹೋದರೆ ಹೊಳಪೂ ಹೋಗುತ್ತದೆ. ಹೋಗದಿದ್ದರೆ ಬೂದು ಪಟ್ಟಿಯಲ್ಲಿ ನಾಲ್ಕು ಎಳೆತ. ಪಟ್ಟಿಯ ತುಂಡೊಂದನ್ನು ಅವರ ಕೇಬಿನ್ನಿನಲ್ಲೇ ಮೊಳೆಗೆ ಸಿಕ್ಕಿಸಿ ಬಂದಿದ್ದೇನೆ. ಪ್ರತಿ ಸಲ ಎಷ್ಟು ಎಳೆದರೆಂದು ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಗೀಟು ಹಾಕಲು ಹೇಳಿದ್ದೇನೆ. ನಲವತ್ತು ಗೀಟು ತುಂಬಿದ ದಿನ ಉಜ್ಜುವುದನ್ನು ನಿಲ್ಲಿಸಿ, ಆ ಜಾಗಕ್ಕೆ ಮರಳು ಹಾಕಿ ಮತ್ತೆ ಬಣ್ಣ ಹೊಡೆಯಬೇಕು.